ಪ್ರಯೋಗಾಲಯದ ವಿಷ ಎಲ್ಲಿಗೆ ಹೋಯಿತು?

ಧಾರವಾಡಕ್ಕೆ ವಿದ್ಯಾಕಾಶಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮುಂಬೈ ಪ್ರಾಂತದ ಕನ್ನಡ ಜಿಲ್ಲೆಗಳ ಹುಡುಗರು ಪದವಿಗಾಗಿ ಪುಣೆಗೋ ಮುಂಬೈಗೋ ಹೋಗಬೇಕಿತ್ತು. ಅರಟಾಳ ರುದ್ರಗೌಡ, ರೊದ್ದ ಶ್ರೀನಿವಾಸರಾವ್ ಮೊದಲಾದವರ ಪ್ರಯತ್ನದಿಂದ 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. 1947ರಲ್ಲಿ ಇಲ್ಲಿ ಕೃಷಿ ಕಾಲೇಜು ಬಂತು. ಅದೇ ವರ್ಷ ಹುಬ್ಬಳ್ಳಿಯಲ್ಲಿ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜು ತೆರೆಯಿತು. 1949ರಲ್ಲಿ ಮುಂಬೈಯಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷ ಧಾರವಾಡಕ್ಕೆ ಬಂದು, ಡಿ. ಸಿ. ಪಾವಟೆಯವರು ಕುಲಪತಿಗಳಾಗಿದ್ದ 1954ರಿಂದ 1967ರ ಅವಧಿಯಲ್ಲಿ ಗುಡ್ಡದ ಮೇಲೆ ನೆಲೆಯೂರಿತು. 1957ರಲ್ಲಿ ಹುಬ್ಬಳ್ಳಿಗೆ ವೈದ್ಯಕೀಯ ಕಾಲೇಜು, 1986ರಲ್ಲಿ ಧಾರವಾಡಕ್ಕೆ ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಐಐಟಿ ಬಂದವು.

ಈ ಚರಿತ್ರೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದದ್ದೇ. ಆದರೆ ಇದಕ್ಕೆ ಇನ್ನೊಂದು ಮಗ್ಗುಲಿದೆ. ಇಷ್ಟೆಲ್ಲ ಸಂಸ್ಥೆಗಳ ಪ್ರಯೋಗಾಲಯಗಳಿಗೆ ಒಂದು ಶತಮಾನದಿಂದ ಆಮ್ಲ, ಪಾದರಸ, ಸೀಸ, ಸೈನೈಡ್, ಬೆಂಜೀನ್, ಕ್ಲೋರೋಫಾರ್ಮ್ ಬಾಟಲಿ ಬಾಟಲಿಯಾಗಿ ಬಂದಿವೆ. ಪಾಠ ಮುಗಿದ ಮೇಲೆ ಅವೆಲ್ಲ ಎಲ್ಲಿಗೆ ಹೋದವು?

ಖರೀದಿಗೆ ಲೆಕ್ಕವಿದೆ. ಪ್ರತಿ ಕಾಲೇಜಿನಲ್ಲೂ ಸ್ಟಾಕ್ ರಿಜಿಸ್ಟರ್ ಇರುತ್ತದೆ. ಯಾವ ದಿನ ಎಷ್ಟು ಗ್ರಾಂ ಬಂತು, ಎಷ್ಟು ಬಳಕೆಯಾಯಿತು, ಯಾವ ವಿದ್ಯಾರ್ಥಿ ಯಾವ ಬ್ಯೂರೆಟ್ ಒಡೆದ ಎಂಬುದೂ ಅದರಲ್ಲಿ ಸಿಗುತ್ತದೆ. ಆದರೆ 'ಬಳಕೆಯಾಯಿತು' ಎಂದು ಬರೆದ ಕೂಡಲೇ ವಸ್ತು ಇಲ್ಲವಾಗುವುದಿಲ್ಲ. ಅದು ರೂಪ ಬದಲಿಸಿ ಬೀಕರಿನಲ್ಲಿ ಉಳಿದಿರುತ್ತದೆ. ಆ ಬೀಕರನ್ನು ಸಿಂಕಿಗೆ ಸುರಿದು ಮೇಲೆ ನೀರು ಬಿಟ್ಟರೆ ಮುಗಿಯಿತು ಎಂಬುದು ದೀರ್ಘಕಾಲ ಜಗತ್ತಿನ ಎಲ್ಲ ಕಡೆಯ ರೂಢಿಯಾಗಿತ್ತು. ದ್ರವ್ಯ ನಾಶವಾಗದು ಎಂಬ ನಿಯಮವನ್ನು ಕರಿಹಲಗೆಯ ಮೇಲೆ ಕಲಿಸಿದ ಕೋಣೆಯಲ್ಲಿಯೇ ಆ ನಿಯಮವನ್ನು ಮರೆಯಲಾಗಿತ್ತು.

ಧಾರವಾಡದಲ್ಲಿ ಈ ಮರೆವಿಗೆ ವಿಶೇಷ ಅರ್ಥವಿದೆ. ಈ ಊರು ಎರಡು ಕಡೆಗೆ ನೀರು ಹರಿಯುವ ದಿಬ್ಬ. ಇಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಸೇರಿ, ಗಂಗಾವಳಿಯಾಗಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಪೂರ್ವದ ಇಳಿಜಾರಿನ ನೀರು ತುಪ್ಪರಿಹಳ್ಳ, ಬೆಣ್ಣಿಹಳ್ಳಗಳ ಮೂಲಕ ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ ಸೇರುತ್ತದೆ. ಎತ್ತರದಲ್ಲಿರುವವರು ಚೆಲ್ಲಿದ್ದು ತಗ್ಗಿನಲ್ಲಿರುವವರ ಪಾಲಿಗೆ ಬರುವುದು ಸಹಜ.

ಬೇಲಿಯೇ ಹೊಲ ಮೇಯ್ದಾಗ

ಪ್ರಯೋಗಾಲಯದ ತ್ಯಾಜ್ಯ ಚಮಚದಷ್ಟು, ಅದರಿಂದ ಏನಾದೀತು ಎಂದು ಕೇಳುವವರಿದ್ದಾರೆ. ಒಂದೇ ಉದಾಹರಣೆ ನೋಡೋಣ.

1980ರ ದಶಕದಲ್ಲಿ, ಅಂದಿನ ಧಾರವಾಡ ಜಿಲ್ಲೆಯ ಕುಮಾರಪಟ್ಟಣದಲ್ಲಿದ್ದ ಪಾಲಿಫೈಬರ್ಸ್ ಕಾರ್ಖಾನೆಯ ತ್ಯಾಜ್ಯದಿಂದ ತುಂಗಭದ್ರೆ ಕೆಡುತ್ತಿದೆ ಎಂದು ನದಿ ದಂಡೆಯ ಜನ ಎದ್ದು ನಿಂತರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಆ ಹೋರಾಟದ ಮುಂಚೂಣಿಯಲ್ಲಿತ್ತು. ಇಂಥ ಜಗಳಗಳಲ್ಲಿ ನೀರು ಎಷ್ಟು ಕೆಟ್ಟಿದೆ ಎಂದು ಅಳೆಯಲು ಬಳಸುವ ಮುಖ್ಯ ಪರೀಕ್ಷೆಗಳಲ್ಲೊಂದು ರಾಸಾಯನಿಕ ಆಮ್ಲಜನಕ ಬೇಡಿಕೆಯ ಪರೀಕ್ಷೆ, ಅಂದರೆ ಸಿಒಡಿ. ಅದರ ಹಳೆಯ ಪದ್ಧತಿಯಲ್ಲಿ 50 ಮಿಲಿಲೀಟರ್ ನೀರಿಗೆ 1 ಗ್ರಾಂ ಮರ್ಕ್ಯುರಿಕ್ ಸಲ್ಫೇಟ್, ಜೊತೆಗೆ ಪೊಟ್ಯಾಸಿಯಂ ಡೈಕ್ರೋಮೇಟ್, ಸಿಲ್ವರ್ ಸಲ್ಫೇಟ್ ಮತ್ತು ಗಂಧಕಾಮ್ಲ ಸೇರಿಸಿ ಕುದಿಸಬೇಕು. ಆ 1 ಗ್ರಾಂ ಲವಣದ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಶುದ್ಧ ಪಾದರಸ. ಹೊರಬಿಡುವ ನೀರಿನಲ್ಲಿ ನಮ್ಮ ಕಾನೂನು ಒಪ್ಪುವ ಪಾದರಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಲೆಕ್ಕ ಹಾಕಿದರೆ, ಒಂದು ಪರೀಕ್ಷೆಯ ಪಾದರಸವನ್ನು ಆ ಮಿತಿಗೆ ಇಳಿಸಲು 67 ಸಾವಿರ ಲೀಟರಿಗೂ ಹೆಚ್ಚು ಶುದ್ಧ ನೀರು ಬೇಕು! ನದಿಯನ್ನು ಕಾಯಲು ಮಾಡಿದ ಪರೀಕ್ಷೆಯ ಉಳಿಕೆಯನ್ನು ಮೋರಿಗೆ ಸುರಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಮಣ್ಣಿನ ಪರೀಕ್ಷೆಯ ಕಥೆಯೂ ಇದೇ. ಮಣ್ಣಿನಲ್ಲಿನ ಸಾವಯವ ಇಂಗಾಲವನ್ನು ಅಳೆಯುವ, 1934ರಷ್ಟು ಹಳೆಯ ವಾಕ್ಲಿ-ಬ್ಲ್ಯಾಕ್ ವಿಧಾನದಲ್ಲಿ ಒಂದೊಂದು ಮಾದರಿಗೂ 10 ಮಿಲಿಲೀಟರ್ ಡೈಕ್ರೋಮೇಟ್ ದ್ರಾವಣ, 20 ಮಿಲಿಲೀಟರ್ ಪ್ರಬಲ ಗಂಧಕಾಮ್ಲ ಬೇಕು. ರೈತನ ಹೊಲಕ್ಕೆ ಒಳ್ಳೆಯದಾಗಲೆಂದು ಮಾಡುವ ಕೆಲಸ ಇದು. ಅದರ ಕೊನೆಯಲ್ಲಿ ಉಳಿಯುವುದು ಕ್ರೋಮಿಯಂ ಬೆರೆತ ಆಮ್ಲ.

ಮೋರಿಗೆ ಹೋದದ್ದು ಕೆಲವೊಮ್ಮೆ ಮೋರಿಯಲ್ಲೇ ಕಾದು ಕುಳಿತಿರುತ್ತದೆ. ಪ್ರಯೋಗಾಲಯಗಳಲ್ಲಿ ಬಳಸುವ ಸೋಡಿಯಂ ಅಝೈಡ್ ಸೀಸ ಅಥವಾ ತಾಮ್ರದ ಕೊಳವೆಗಳ ಜೊತೆ ವರ್ತಿಸಿ ಸ್ಫೋಟಕವಾಗುತ್ತದೆ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 1976ರಲ್ಲೇ ಎಚ್ಚರಿಸಿತ್ತು. ಅಂಥ ಕೊಳವೆ ಕಟ್ಟಿಕೊಂಡಾಗ ಅದನ್ನು ಬಿಚ್ಚುವವರು ಯಾರು? ಸಂಶೋಧಕರಲ್ಲ. ಕೊಳಾಯಿ ರಿಪೇರಿಯವರು, ಗಟಾರ ಸ್ವಚ್ಛಗೊಳಿಸುವವರು. ಕಪಾಟಿನಲ್ಲಿ ಒಣಗಿ ಸ್ಫೋಟಕವಾಗಿರುವ ಪಿಕ್ರಿಕ್ ಆಮ್ಲದ ಬಾಟಲಿಯನ್ನು, ಪೆರಾಕ್ಸೈಡ್ ಕಟ್ಟಿಕೊಂಡ ಹಳೆಯ ಈಥರನ್ನು ಧೂಳು ಒರೆಸಲು ಎತ್ತುವವರು ಅಟೆಂಡರುಗಳು.

ಟನ್ನಿನ ಕಾನೂನು, ಗ್ರಾಮಿನ ವಿಷ

1984ರ ಭೋಪಾಲ ದುರಂತದ ನಂತರ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆಯೂ 1989ರಲ್ಲಿ ಅಪಾಯಕಾರಿ ತ್ಯಾಜ್ಯಗಳ ನಿಯಮಗಳೂ ಬಂದವು. ಕಾನೂನಿನ ಕಣ್ಣೆದುರು ಇದ್ದದ್ದು ಕಾರ್ಖಾನೆ. ಅನೇಕ ಬಗೆಯ ತ್ಯಾಜ್ಯಗಳಿಗೆ ಅದು ವಾರ್ಷಿಕ ಪ್ರಮಾಣವನ್ನು ಗೊತ್ತುಪಡಿಸಿತು. ಹ್ಯಾಲೋಜನ್ ಇರುವ ದ್ರಾವಕಗಳಿಗೆ 50 ಕಿಲೋ, ಇಲ್ಲದವುಗಳಿಗೆ 200 ಕಿಲೋ. ಕಾರ್ಖಾನೆಯಿಂದ ಒಂದೇ ಬಗೆಯ ತ್ಯಾಜ್ಯ ಟನ್ನುಗಟ್ಟಲೆ ಹೊರಡುತ್ತದೆ. ವಿಶ್ವವಿದ್ಯಾಲಯದಿಂದ ಹೊರಡುವುದು ನೂರು ಬಗೆ, ಆದರೆ ಒಂದೊಂದೂ ಹಿಡಿಯಷ್ಟು. ಅದನ್ನು ತಯಾರಿಸಿದ ವಿದ್ಯಾರ್ಥಿ ಪದವಿ ಪಡೆದು ಹೋಗಿರುತ್ತಾನೆ, ಬಾಟಲಿಯ ಚೀಟಿ ಉದುರಿರುತ್ತದೆ. ಚೀಟಿಯಿಲ್ಲದ ಬಾಟಲಿ ಅನಾಥ ಮಗುವಿನಂತೆ, ಯಾರೂ ತಮ್ಮದೆನ್ನುವುದಿಲ್ಲ.

ಆಸ್ಪತ್ರೆಗಳ ಮಟ್ಟಿಗೆ ಈ ತೊಡಕು ಸ್ವಲ್ಪವಾದರೂ ಬಿಡಿಸಿಕೊಂಡಿತು. 1998ರಲ್ಲಿ ಜೈವಿಕ-ವೈದ್ಯಕೀಯ ತ್ಯಾಜ್ಯದ ನಿಯಮಗಳು ಬಂದು, ಸೂಜಿಗೊಂದು ಡಬ್ಬಿ, ಬ್ಯಾಂಡೇಜಿಗೊಂದು ಬಣ್ಣದ ಚೀಲ ಎಂದು ಗೊತ್ತಾಯಿತು. ಕಾಲೇಜಿನ ರಸಾಯನಶಾಸ್ತ್ರ ವಿಭಾಗಕ್ಕೆ ಅಂಥ ಪ್ರತ್ಯೇಕ ನಿಯಮಾವಳಿ ದೊರೆಯಲಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ವರ್ಷಕ್ಕೆ 10 ಟನ್ನಿನೊಳಗಿನ ಸಣ್ಣ ಉತ್ಪಾದಕರಿಗೆ ಮಂಡಳಿಯ ಒಪ್ಪಿಗೆಯಿಂದ 180 ದಿನ. ಆದರೆ ನಿರುಪಯುಕ್ತ ಬಾಟಲಿಗಳು ಕಪಾಟಿನಲ್ಲಿ ಕಳೆಯುವುದು ದಿನಗಳನ್ನಲ್ಲ, ದಶಕಗಳನ್ನು.

ದಶಕಗಳ ನಂತರ ಏನಾಗಬಹುದೆಂದು 2010ರಲ್ಲಿ ದೇಶ ಕಂಡಿತು. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗವು 1980ರ ದಶಕದಿಂದ ಬಳಸದೇ ಬಿಟ್ಟಿದ್ದ ಗಾಮಾ ವಿಕಿರಣದ ಯಂತ್ರವನ್ನು ಹಳೆಯ ಸಾಮಾನಿನೊಂದಿಗೆ ಹರಾಜು ಹಾಕಿತು. ಅದರೊಳಗೆ ಕೋಬಾಲ್ಟ್-60 ಇತ್ತು. ಮಾಯಾಪುರಿಯ ಗುಜರಿ ಅಂಗಡಿಯಲ್ಲಿ ಯಂತ್ರವನ್ನು ಕಳಚಿದವರು ಒಬ್ಬೊಬ್ಬರಾಗಿ ಆಸ್ಪತ್ರೆ ಸೇರಿದರು. ಏಪ್ರಿಲ್ ಕೊನೆಯಲ್ಲಿ ಒಬ್ಬ ಕಾರ್ಮಿಕ ಪ್ರಾಣಬಿಟ್ಟ. ಅದು ವಿಕಿರಣ ವಸ್ತು, ಅದಕ್ಕೆ ಬೇರೆಯೇ ಕಾನೂನಿದೆ. ಆದರೆ ಅದು ಹೊರಹೋದ ದಾರಿ ನಮ್ಮೆಲ್ಲ ಕಚೇರಿಗಳಿಗೆ ಪರಿಚಿತವಾದದ್ದೇ: ರಿಜಿಸ್ಟರಿನಿಂದ ತೆಗೆದುಹಾಕಿ, ಹರಾಜು ಮಾಡಿ, ಗುಜರಿಯವನಿಗೆ ಕೊಟ್ಟು ಕೈತೊಳೆದುಕೊಳ್ಳುವುದು. ಹಳೆಯ ಕಬ್ಬಿಣ ಕೊಂಡು ಹೊಟ್ಟೆ ಹೊರೆಯುವ ಬಡವ ಅದರೊಳಗೆ ಏನಿದೆ ಎಂದು ತಿಳಿಯುವುದಾದರೂ ಹೇಗೆ? ತಿಳಿದವರು ಅವನಿಗೆ ಹೇಳಬೇಕಿತ್ತು.

ಇದು ನಮ್ಮ ದೇಶದ ಅಜ್ಞಾನ ಮಾತ್ರವೆಂದುಕೊಳ್ಳಬೇಕಾಗಿಲ್ಲ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯ ತನ್ನ ಸಂಶೋಧನಾ ತ್ಯಾಜ್ಯವನ್ನು ಆವರಣದಲ್ಲೇ ಹೂತಿತ್ತು. ಅಂತರ್ಜಲದಲ್ಲಿ ಕ್ಲೋರೋಫಾರ್ಮ್ ಕಾಣಿಸಿಕೊಂಡಿತು. 1994ರಲ್ಲಿ ಆ ಜಾಗ ಅಮೆರಿಕದ ಅತಿ ಕಲುಷಿತ ತಾಣಗಳ ಪಟ್ಟಿಗೆ ಸೇರಿತು. ಅಲ್ಲಿನ ಸರಕಾರ 2008ರಲ್ಲಿ ಶಿಕ್ಷಣ ಸಂಸ್ಥೆಗಳ ಪ್ರಯೋಗಾಲಯಗಳಿಗೆಂದೇ ಪ್ರತ್ಯೇಕ ನಿಯಮ ರೂಪಿಸಿತು. ಕಾರ್ಖಾನೆಯ ಅಳತೆ ಕಾಲೇಜಿಗೆ ಹೊಂದುವುದಿಲ್ಲವೆಂದು ಒಪ್ಪಿಕೊಳ್ಳಲು ಅವರಿಗೂ ಮೂರು ದಶಕ ಹಿಡಿಯಿತು.

ಹೆದ್ದಾರಿ ಒಂದೇ

ಹಾಗಾದರೆ ದಾರಿ ಯಾವುದು? ಮೊದಲ ದಾರಿ, ಹುಟ್ಟಿಸುವುದನ್ನೇ ಕಡಿಮೆ ಮಾಡುವುದು. 1980ರ ದಶಕದ ಆರಂಭದಲ್ಲಿ ಅಮೆರಿಕದ ಬೌಡನ್ ಮತ್ತು ಮೆರಿಮ್ಯಾಕ್ ಎಂಬ ಎರಡು ಸಣ್ಣ ಕಾಲೇಜುಗಳ ಅಧ್ಯಾಪಕರು ಸಾವಯವ ರಸಾಯನಶಾಸ್ತ್ರದ ಪ್ರಯೋಗಗಳನ್ನು ಮಿಲಿಗ್ರಾಂ ಪ್ರಮಾಣದಲ್ಲಿ ಕಲಿಸಿ ತೋರಿಸಿದರು. ಪಾಠ ಅದೇ, ಕಸ ಮಾತ್ರ ಹಲವು ಪಟ್ಟು ಕಡಿಮೆ. ಸಿಒಡಿ ಪರೀಕ್ಷೆಗೂ ಕೆಲವೇ ಮಿಲಿಲೀಟರಿನಲ್ಲಿ ಮುಗಿಯುವ ಮುಚ್ಚಿದ ನಳಿಕೆಯ ಪದ್ಧತಿ ಬಂದಿದೆ. ಗಾಜು ತೊಳೆಯಲು ಕ್ರೋಮಿಕ್ ಆಮ್ಲವೇ ಬೇಕೆಂದಿಲ್ಲ. ಒಳ್ಳೆಯ ಮಾರ್ಜಕ ಸಾಕು.

ಎರಡನೆಯದು, ಉಳಿದದ್ದನ್ನು ಬೇರ್ಪಡಿಸಿ ಹೆಸರು ಬರೆದಿಡುವುದು. ಹ್ಯಾಲೋಜನ್ ದ್ರಾವಕಕ್ಕೊಂದು ಡಬ್ಬಿ, ಉಳಿದ ದ್ರಾವಕಕ್ಕೊಂದು, ಭಾರಲೋಹಕ್ಕೊಂದು, ಸೈನೈಡಿಗೆ ಆಮ್ಲದಿಂದ ದೂರ ಬೇರೆಯೇ ಜಾಗ. ಸ್ಟಾಕ್ ರಿಜಿಸ್ಟರಿನಲ್ಲಿ ಇನ್ನೊಂದು ಕಲಂ: ತ್ಯಾಜ್ಯ ಎಷ್ಟು, ಯಾರ ಕೈಗೆ ಹೋಯಿತು.

ಮೂರನೆಯದು ಸಾಗಣೆ. ಬೆಂಗಳೂರಿನ ಬಳಿಯ ಡಾಬಸ್‌ಪೇಟೆಯಲ್ಲಿ ಅಪಾಯಕಾರಿ ತ್ಯಾಜ್ಯವನ್ನು ಸಂಸ್ಕರಿಸಿ ಭದ್ರವಾಗಿ ಹೂಳುವ ಘಟಕವಿದೆ. ಪುಣೆ-ಬೆಂಗಳೂರು ಹೆದ್ದಾರಿ ಧಾರವಾಡ, ಹುಬ್ಬಳ್ಳಿಗಳನ್ನು ಹಾದು ಅದೇ ಡಾಬಸ್‌ಪೇಟೆಯ ಮೇಲೆ ಹೋಗುತ್ತದೆ. ಒಂದು ಕಾಲೇಜಿನ ಎರಡು ಕ್ಯಾನಿಗಾಗಿ ಲಾರಿ ಓಡಿಸುವುದು ದುಬಾರಿ. ಅವಳಿ ನಗರದ ಸಂಸ್ಥೆಗಳೆಲ್ಲ ಕೂಡಿ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯೊಂದಿಗೆ ವರ್ಷಕ್ಕೆರಡು ಬಾರಿ ಕಳಿಸಿದರೆ ಖರ್ಚು ಹಂಚಿಹೋಗುತ್ತದೆ. ಡಾಬಸ್‌ಪೇಟೆಯ ಸುತ್ತಲೂ ಹಳ್ಳಿಗಳಿವೆ, ಅಲ್ಲಿಯೂ ಬಾವಿಗಳಿವೆ ಎಂಬುದನ್ನು ನೆನಪಿಟ್ಟು ಕಳಿಸುವುದು ಕಡಿಮೆಯಿದ್ದಷ್ಟೂ ಒಳ್ಳೆಯದು.

ಇದಕ್ಕೆ ಕೋಟಿಗಟ್ಟಲೆ ಅನುದಾನ ಬೇಡ. ಪ್ರಾಯೋಗಿಕ ಪರೀಕ್ಷೆಯಲ್ಲಿ ಲವಣವನ್ನು ಸರಿಯಾಗಿ ಗುರುತಿಸಿದ್ದಕ್ಕೆ ಅಂಕ ಕೊಡುತ್ತೇವೆ. ಉಳಿದ ದ್ರಾವಣವನ್ನು ಸರಿಯಾದ ಡಬ್ಬಿಗೆ ಹಾಕಿದ್ದಕ್ಕೂ ಎರಡು ಅಂಕ ಇಟ್ಟರೆ, ಆ ವಿದ್ಯಾರ್ಥಿ ನಾಳೆ ಯಾವ ಕಾರ್ಖಾನೆಗೆ ಹೋದರೂ ಈ ಅಭ್ಯಾಸ ಅವನೊಂದಿಗೇ ಹೋಗುತ್ತದೆ.