ಆಫ್ ಆದ ಸರ್ವರ್ ಅನ್ನು ದೂರದಿಂದಲೇ ಆನ್ ಮಾಡಬಹುದೇ?

‘ಸ್ವಿಚ್ ಆಫ್ ಮಾಡಿದ ಕಂಪ್ಯೂಟರನ್ನು ದೂರದಿಂದ ಯಾರೂ ಮುಟ್ಟಲಾರರು’ ಎಂಬ ಮಾತು ಮನೆಯ ಲ್ಯಾಪ್‌ಟಾಪ್ ಮಟ್ಟಿಗೆ ಬಹುತೇಕ ಸರಿ. ಡೇಟಾ ಸೆಂಟರ್‌ನ ರ‍್ಯಾಕ್ ಸರ್ವರ್‌ಗಳ ವಿಷಯದಲ್ಲಿ ತಪ್ಪು.

ಇಂಥ ಸರ್ವರ್‌ನ ಮದರ್‌ಬೋರ್ಡ್ ಮೇಲೆ ಬಿಎಂಸಿ ಎಂಬ ಇನ್ನೊಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಅದಕ್ಕೆ ತನ್ನದೇ ಪ್ರೊಸೆಸರ್, ತನ್ನದೇ ಐಪಿ ವಿಳಾಸ. ಸರ್ವರ್ ಆಫ್ ಆಗಿದ್ದರೂ ಪವರ್ ಕೇಬಲ್‌ನಲ್ಲಿ ಕರೆಂಟ್ ಇರುವವರೆಗೆ ಅದು ಎಚ್ಚರವಾಗಿರುತ್ತದೆ. ಡೆಲ್ ಇದನ್ನು ಐಡ್ರ್ಯಾಕ್ ಎಂದರೆ ಎಚ್‌ಪಿಇ ಐಎಲ್‌ಒ ಎನ್ನುತ್ತದೆ. ವಿಂಡೋಸ್ ಅಥವಾ ಲಿನಕ್ಸ್ ಹ್ಯಾಂಗ್ ಆದಾಗಲೂ ಎಂಜಿನಿಯರ್ ಮನೆಯಲ್ಲೇ ಕೂತು ಸರ್ವರ್‌ನ ಪರದೆ ನೋಡಬಹುದು, ಬಯೋಸ್ ಸೆಟ್ಟಿಂಗ್ ಬದಲಿಸಬಹುದು, ರೀಸ್ಟಾರ್ಟ್ ಮಾಡಬಹುದು.

ಹಾಗೆಂದು ಯಾರು ಬೇಕಾದರೂ ಒಳನುಗ್ಗಬಹುದೇ? ಪಾಸ್‌ವರ್ಡ್ ಬೇಕು. ಆದರೆ ಅದು ಸಿಕ್ಕರೆ ಇಡೀ ಸರ್ವರ್ ಕೈಗೆ ಸಿಕ್ಕಂತೆ. ಬಿಎಂಸಿಗಳು ಬಳಸುವ ಐಪಿಎಂಐ 2.0 ಎಂಬ ಹಳೆಯ ಪದ್ಧತಿಯಲ್ಲಿ, ಲಾಗಿನ್ ಆಗುವ ಮೊದಲೇ ಪಾಸ್‌ವರ್ಡ್‌ನ ಹ್ಯಾಶ್ ಹೊರಬೀಳುತ್ತದೆ. ದೋಷ ವಿನ್ಯಾಸದಲ್ಲೇ ಇರುವುದರಿಂದ ಪ್ಯಾಚ್ ಹಾಕಿ ಸರಿಪಡಿಸುವಂತಿಲ್ಲ. ಅದಕ್ಕೇ ಬಿಎಂಸಿಗಳನ್ನು ಇಂಟರ್ನೆಟ್‌ಗೆ ತೆರೆದಿಡದೆ ಪ್ರತ್ಯೇಕ ನೆಟ್‌ವರ್ಕ್‌ನಲ್ಲಿ ಇಡಬೇಕು.

ಇಂಥ ಪ್ರತ್ಯೇಕ ದಾರಿಯೂ ಕೈಕೊಡುವುದುಂಟು. 2021ರ ಅಕ್ಟೋಬರ್ 4ರ ರಾತ್ರಿ ವಾಟ್ಸ್‌ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ನಿಂತದ್ದು ನೆನಪಿದೆಯಲ್ಲವೇ? ಅದು ಹ್ಯಾಕ್ ಅಲ್ಲ. ನಿರ್ವಹಣೆಯ ವೇಳೆ ಕೊಟ್ಟ ಒಂದು ಕಮಾಂಡ್, ಕಂಪನಿಯ ಡೇಟಾ ಸೆಂಟರ್‌ಗಳ ನಡುವಿನ ಸಂಪರ್ಕವನ್ನೇ ಕಡಿದುಹಾಕಿತ್ತು. ತುರ್ತಿಗೆಂದು ಇಟ್ಟಿದ್ದ ಪ್ರತ್ಯೇಕ ನೆಟ್‌ವರ್ಕ್ ಕೂಡ ಸಿಗಲಿಲ್ಲ. ಎಂಜಿನಿಯರ್‌ಗಳು ಖುದ್ದಾಗಿ ಡೇಟಾ ಸೆಂಟರ್‌ಗೆ ಹೋಗಬೇಕಾಯಿತು. ಅಲ್ಲಿನ ಬಿಗಿ ಭದ್ರತೆ ದಾಟಿ ಒಳಹೋಗಲೂ ಸಮಯ ಹಿಡಿಯಿತು.