ಬರೆಯುವುದೊಂದು, ನುಡಿಯುವುದೊಂದು: ಕೊರಿಯನ್ ಉಚ್ಚಾರಣೆಯ ಚರಿತ್ರೆ

ದಕ್ಷಿಣ ಕೊರಿಯದ ರಾಜಧಾನಿಯ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ನಮ್ಮಲ್ಲಿ ಕೆಲವರು ‘ಸಿಯೋಲ್’ ಎನ್ನುತ್ತಾರೆ, ಇಂಗ್ಲಿಷ್ ಓದಿದವರು ‘ಸೋಲ್’ ಎನ್ನುತ್ತಾರೆ. ಅಲ್ಲಿಯ ಜನ ಹೇಳುವುದು ಎರಡು ಅಕ್ಷರಗಳಾಗಿ, ‘ಸೊ-ಉಲ್’. ಆ ‘ಸೊ’ದಲ್ಲಿರುವ ಸ್ವರವೂ ನಮ್ಮ ‘ಒ’ ಅಲ್ಲ. ತುಟಿ ದುಂಡಗೆ ಮಾಡದೆ, ‘ಅ’ ಮತ್ತು ‘ಒ’ಗಳ ನಡುವೆ ಹೊರಡುವ ಧ್ವನಿ. ರೋಮನ್ ಅಕ್ಷರಗಳ ಮೂಲಕ ಕೊರಿಯನ್ ಕಲಿಯಲು ಹೊರಟವರು ಮೊದಲ ಹೆಜ್ಜೆಯಲ್ಲೇ ಎಡವುವುದು ಹೀಗೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರೌಢ ಹಂತದಲ್ಲಿ ಕಲಿಯಬಹುದಾದ ವಿದೇಶಿ ಭಾಷೆಗಳಲ್ಲಿ ಕೊರಿಯನ್ನನ್ನೂ ಹೆಸರಿಸಿದೆ. ಆದ್ದರಿಂದ ವಿದ್ಯಾರ್ಥಿಗಳಾದ ನೀವು ಈ ಭಾಷೆಯ ಉಚ್ಚಾರಣೆಯ ಚರಿತ್ರೆಯನ್ನು ತಿಳಿದರೆ ನಷ್ಟವಿಲ್ಲ.

1418ರಿಂದ 1450ರವರೆಗೆ ಕೊರಿಯವನ್ನು ಆಳಿದ ಸೆಜೊಂಗ್ ದೊರೆಯ ಕಾಲಕ್ಕೆ ಅಲ್ಲಿ ಬರವಣಿಗೆ ಎಂದರೆ ಚೀನೀ ಲಿಪಿ. ಸಾವಿರಾರು ಚಿತ್ರಾಕ್ಷರಗಳನ್ನು ಕಲಿಯಲು ರೈತನಿಗೆ ಬಿಡುವೆಲ್ಲಿ? ದೊರೆ 1443ರಲ್ಲಿ 28 ಅಕ್ಷರಗಳ ಹೊಸ ಲಿಪಿಯನ್ನು ಸಿದ್ಧಪಡಿಸಿ 1446ರಲ್ಲಿ ಪ್ರಕಟಿಸಿದ. ಅದೇ ಇಂದಿನ ಹಂಗುಲ್. ಚ್ವೆ ಮಲ್ಲಿ ಮೊದಲಾದ ಆಸ್ಥಾನ ವಿದ್ವಾಂಸರು 1444ರಲ್ಲಿಯೇ ಇದನ್ನು ವಿರೋಧಿಸಿ ಮನವಿ ಸಲ್ಲಿಸಿದ್ದರು. ಓದು ಬರಹ ಎಲ್ಲರ ಕೈಗೂ ಸಿಕ್ಕಿಬಿಟ್ಟರೆ ಪಂಡಿತರಿಗೆ ಕಸಿವಿಸಿಯಾಗುವುದು ಯಾವ ದೇಶದಲ್ಲೂ ಹೊಸದಲ್ಲ.

ಈ ಅಕ್ಷರಗಳ ವಿಶೇಷವೆಂದರೆ ಅವು ಬಾಯಿಯ ಚಿತ್ರಗಳು. ‘ಕ’ದ ಅಕ್ಷರ ನಾಲಿಗೆಯ ಬುಡ ಗಂಟಲನ್ನು ಮುಚ್ಚುವ ಆಕಾರ, ‘ನ’ದ್ದು ನಾಲಿಗೆಯ ತುದಿ ಮೇಲೇರಿ ತಾಗುವ ಆಕಾರ, ‘ಮ’ ಎಂಬುದು ಮುಚ್ಚಿದ ಬಾಯಿಯ ಚೌಕ. ಉಸಿರು ಹೆಚ್ಚಾದರೆ ಅದೇ ಅಕ್ಷರಕ್ಕೆ ಇನ್ನೊಂದು ಗೆರೆ. ಇದನ್ನೆಲ್ಲ ವಿವರಿಸುವ ಮೂಲ ಗ್ರಂಥ ಬಹುಕಾಲ ಕಣ್ಮರೆಯಾಗಿದ್ದು, 1940ರಲ್ಲಿ ಆಂದೊಂಗ್ ಎಂಬಲ್ಲಿ ದೊರೆಯಿತು. ಧ್ವನಿಗಳನ್ನು ಗಂಟಲು, ಹಲ್ಲು, ತುಟಿ ಎಂದು ವಿಂಗಡಿಸುವ ಕ್ರಮ ಕೊರಿಯಕ್ಕೆ ಬಂದದ್ದು ಚೀನಾದಿಂದ. ಚೀನಾದ ಆ ಶಾಸ್ತ್ರಕ್ಕೆ ಬೌದ್ಧ ಭಿಕ್ಷುಗಳ ಮೂಲಕ ಭಾರತದ ವರ್ಣಶಾಸ್ತ್ರದ ನೆರವಿತ್ತು. ಕಂಠ್ಯ, ತಾಲವ್ಯ, ಓಷ್ಠ್ಯ ಎಂದು ನಾವು ಬಾಯಿಪಾಠ ಮಾಡುವ ವರ್ಗೀಯ ವ್ಯಂಜನಗಳ ದೂರದ ನೆಂಟಸ್ತಿಕೆ ಹಂಗುಲ್‌ನಲ್ಲಿದೆ.

ಉಚ್ಚಾರಣೆಯ ವಿಷಯದಲ್ಲಿ ಅವರದು ಎಂಥ ಶ್ರದ್ಧೆ! ಚೀನೀ ಧ್ವನಿಗಳನ್ನು ಖಚಿತಪಡಿಸಿಕೊಳ್ಳಲು ಸಿನ್ ಸುಕ್‌ಚು ಮತ್ತು ಸೊಂಗ್ ಸಾಮ್‌ಮುನ್ ಎಂಬ ಯುವ ವಿದ್ವಾಂಸರು ಲಿಯಾವೊದೊಂಗ್‌ನಲ್ಲಿದ್ದ ಚೀನೀ ಪಂಡಿತ ಹುವಾಂಗ್ ಜಾನ್‌ನ ಬಳಿಗೆ ಹದಿಮೂರು ಬಾರಿ ಹೋಗಿ ಬಂದರೆಂಬ ಮಾತಿದೆ. ಮುಂದೆ ಹದಿನಾರನೇ ಶತಮಾನದ ಆರಂಭದಲ್ಲಿ ಚ್ವೆ ಸೆಜಿನ್ ಎಂಬ ದುಭಾಷಿ, ವ್ಯಾಪಾರಿಗಳ ಸಂಭಾಷಣೆಯ ಚೀನೀ ಪಠ್ಯವೊಂದನ್ನು ಸಂಪಾದಿಸಿದ. ಅದರಲ್ಲಿ ಪ್ರತಿ ಚೀನೀ ಅಕ್ಷರದ ಕೆಳಗೆ ಹಂಗುಲ್‌ನಲ್ಲಿ ಎರಡು ಉಚ್ಚಾರಣೆಗಳಿವೆ: ಎಡಕ್ಕೆ ಗ್ರಂಥಸ್ಥವಾದ ಹಳೆಯದು, ಬಲಕ್ಕೆ ಆ ಕಾಲದ ಜನ ನಿಜವಾಗಿ ಆಡುತ್ತಿದ್ದುದು. ಐನೂರು ವರ್ಷಗಳ ಹಿಂದಿನ ಈ ಉಪಾಯ ನಮ್ಮ ಇಂದಿನ ಇಂಗ್ಲಿಷ್ ತರಗತಿಗಳಿಗೂ ಬೇಕಾದದ್ದೆಂದು ನನಗನಿಸುತ್ತದೆ.

ಈಗ ನಿಮ್ಮ ನಾಲಿಗೆಯ ವಿಷಯಕ್ಕೆ ಬರೋಣ. ನಮ್ಮಲ್ಲಿ ತ, ಥ, ದ, ಧ ಎಂದು ನಾಲ್ಕಿದ್ದರೆ ಕೊರಿಯನ್‌ನಲ್ಲಿ ಮೂರು: ಸಾದಾ, ಮಹಾಪ್ರಾಣ, ಬಿಗಿ. ಚಂದ್ರ, ಮುಖವಾಡ, ಮಗಳು ಎಂಬ ಮೂರೂ ಅರ್ಥಗಳ ಪದಗಳು ನಮ್ಮ ಕಿವಿಗೆ ಹೆಚ್ಚುಕಡಿಮೆ ‘ತಲ್’ ಎಂದೇ ಕೇಳುತ್ತವೆ. ಮುಖವಾಡಕ್ಕೆ ಉರ್ದುವಿನ ‘ಥಾಲಿ’ಯಲ್ಲಿರುವಂಥ ಉಸಿರು ಬೇಕು, ಉರ್ದು ಬಲ್ಲವರಿಗೆ ಇದು ಸುಲಭ. ಮಗಳಿಗೆ ನಮ್ಮ ‘ತ’ವನ್ನೇ ಗಂಟಲು ಬಿಗಿದು, ಉಸಿರು ಬಿಡದೆ ಹೇಳಬೇಕು. ಚಂದ್ರನೇ ಕಷ್ಟ: ತುಸು ಉಸಿರು, ತಗ್ಗಿದ ಸ್ವರ, ‘ದ’ದ ನಾದ ಬೇಡ. ಸೋಲ್‌ನ ಯುವಜನರಲ್ಲಿ ಸಾದಾ ಧ್ವನಿಗೂ ಮಹಾಪ್ರಾಣಕ್ಕೂ ಇರುವ ಭೇದವನ್ನು ಈಗ ಬಹುಮಟ್ಟಿಗೆ ಸ್ವರದ ಏರಿಳಿತವೇ ತೋರಿಸುತ್ತದೆ. ಇದೇ ಸಾದಾ ಧ್ವನಿ ಎರಡು ಸ್ವರಗಳ ನಡುವೆ ಬಂದರೆ ‘ದ’ವಾಗುತ್ತದೆ. ಹಿಂದೆ ‘ಪುಸಾನ್’ ಎನ್ನುತ್ತಿದ್ದ ನಗರ 2000ದ ರೋಮನ್ ಲಿಪ್ಯಂತರ ನಿಯಮದಿಂದ ‘ಬುಸಾನ್’ ಆಯಿತು. ಆದರೆ ಆ ಊರಿನವರ ಉಚ್ಚಾರಣೆ ಬದಲಾಗಲಿಲ್ಲ! ಇನ್ನೊಂದು ಎಚ್ಚರಿಕೆ. ಬಸ್ಸನ್ನು ‘ಬಸ್ಸು’ ಮಾಡುವ ನಾವು ಅನ್ನಕ್ಕಿರುವ ‘ಪಪ್’ ಎಂಬ ಪದವನ್ನು ‘ಪಪ್ಪು’ ಮಾಡಿಬಿಡುತ್ತೇವೆ. ಅಲ್ಲಿ ತುಟಿ ಮುಚ್ಚಿದರೆ ಮುಗಿಯಿತು, ತೆರೆಯಬಾರದು.

ಎಲ್ಲಕ್ಕಿಂತ ಮುಖ್ಯವಾದುದು ಸಂಧಿ. 1896ರ ಏಪ್ರಿಲ್ 7ರಂದು ಸೊ ಜೆಪಿಲ್ ಹಂಗುಲ್‌ನಲ್ಲೇ ಒಂದು ಪತ್ರಿಕೆ ಆರಂಭಿಸಿದರು. ಅದರ ಹೆಸರಿನಲ್ಲಿರುವ ‘ಸ್ವಾತಂತ್ರ್ಯ’ ಎಂಬ ಪದವನ್ನು ಇಂದು ಬರೆಯುವುದು ‘ತೊಕ್’, ‘ರಿಪ್’ ಎಂದು. ನುಡಿಯುವುದು ‘ತೊಙ್‌ನಿಪ್’ ಎಂದು. 1897ರಲ್ಲಿ ಕಟ್ಟಿದ ಸ್ವಾತಂತ್ರ್ಯ ದ್ವಾರದ ಹೆಸರಿನಲ್ಲಿ ಕೊನೆಗೆ ‘ಮುನ್’ ಸೇರಿ ‘ತೊಙ್‌ನಿಮ್‌ಮುನ್’ ಆಗುತ್ತದೆ. ಗಾಬರಿ ಬೇಡ. ವಾಕ್ + ಮಯ = ವಾಙ್ಮಯ, ಷಟ್ + ಮುಖ = ಷಣ್ಮುಖ ಎಂದು ಅನುನಾಸಿಕ ಸಂಧಿ ಕಲಿತವರಿಗೆ ಇದು ಹಳೆಯ ಪಾಠ. ನಾವು ಬದಲಾದ ರೂಪವನ್ನೇ ಬರೆಯುತ್ತೇವೆ, ಅವರು ಮೂಲವನ್ನು ಉಳಿಸಿಕೊಳ್ಳುತ್ತಾರೆ. ಲಾಮ್ ಬರೆದೂ ‘ಅಬ್ದುರ್ರಹ್ಮಾನ್’ ಎಂದೇ ಓದುವ ಉರ್ದು ವಿದ್ಯಾರ್ಥಿಗೆ ಅದೂ ವಿಚಿತ್ರವೆನಿಸದು.

ಆ ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದ ಜು ಸಿಗ್ಯೊಂಗ್ ಎಂಬ ತರುಣ ಮುಂದೆ ದೊಡ್ಡ ವೈಯಾಕರಣರಾದರು. ಪದದ ಮೂಲರೂಪವನ್ನು ಕೆಡಿಸದೆ ಬರೆಯಬೇಕೆಂಬ ಅವರ ವಾದವನ್ನು ಶಿಷ್ಯರು 1933ರ ಏಕರೂಪ ಕಾಗುಣಿತ ನಿಯಮದಲ್ಲಿ ಸೇರಿಸಿದರು. ಆಗ ಕೊರಿಯ ಜಪಾನಿನ ವಶದಲ್ಲಿತ್ತು. 1938ರಲ್ಲಿ ಶಾಲೆಗಳಲ್ಲಿ ಕೊರಿಯನ್ ಐಚ್ಛಿಕ ವಿಷಯವಾಯಿತು. 1942ರಲ್ಲಿ ನಿಘಂಟು ತಯಾರಿಸುತ್ತಿದ್ದ ಭಾಷಾ ಸಂಘದವರನ್ನೇ ಸೆರೆಹಿಡಿಯಲಾಯಿತು. ಈ ಯುನ್‌ಜೆ ಮತ್ತು ಹಾನ್ ಜಿಂಗ್ ಜೈಲಿನಲ್ಲೇ ತೀರಿಕೊಂಡರು. ಪದಗಳಿಗೆ ಅರ್ಥ ಬರೆದದ್ದೇ ಅವರ ಅಪರಾಧ. ವಶಪಡಿಸಿಕೊಂಡ ಹಸ್ತಪ್ರತಿ ಬಿಡುಗಡೆಯ ನಂತರ, 1945ರ ಸೆಪ್ಟೆಂಬರಿನಲ್ಲಿ, ಸೋಲ್ ರೈಲು ನಿಲ್ದಾಣದ ಉಗ್ರಾಣವೊಂದರಲ್ಲಿ ಸಿಕ್ಕಿತು. 1947ರಲ್ಲಿ ಮೊದಲ ಸಂಪುಟ ಬಂದು, 1957ರ ವೇಳೆಗೆ ಆರೂ ಸಂಪುಟಗಳು ಮುಗಿದವು.

ಪ್ರಮಾಣ ಉಚ್ಚಾರಣೆಯ ನಿಯಮಗಳನ್ನು ಸರ್ಕಾರ ಪ್ರಕಟಿಸಿದ್ದು 1988ರಲ್ಲಿ. 1999ರ ಪ್ರಮಾಣ ನಿಘಂಟಿನಲ್ಲಿ ‘ತೊಕ್‌ರಿಪ್’ ಎಂಬ ಬರಹದ ಮುಂದೆ ಆವರಣದೊಳಗೆ ‘ತೊಙ್‌ನಿಪ್’ ಎಂಬ ಉಚ್ಚಾರಣೆಯೂ ಇದೆ. ನೀವು ಪದ ಹುಡುಕುವಾಗ ಮೊದಲು ಆವರಣದೊಳಗಿನದನ್ನು ಗಟ್ಟಿಯಾಗಿ ಓದಿ, ಬರೆಯುವುದು ಆಮೇಲೆ.