ವಾರಕ್ಕೊಮ್ಮೆಯ ಮಾತ್ರೆ

ನಮ್ಮ ಖಾಲಾ ಬದುಕಿನ ಕೊನೆಯ ವರ್ಷಗಳಲ್ಲಿ ಬೆಳಗಿನ ಹೊತ್ತು ಯಾರಿಗೂ ಕೈ ಕೊಡುತ್ತಿರಲಿಲ್ಲ. ಎದ್ದ ಮೇಲೆ ಗಂಟೆಗಟ್ಟಲೆ ಬೆರಳುಗಳು ಮರಗಟ್ಟಿರುತ್ತಿದ್ದವು. ತಂಬಿಗೆ ಎತ್ತಲು, ಹಿಟ್ಟು ನಾದಲು, ಸೆರಗಿಗೆ ಪಿನ್ನು ಚುಚ್ಚಲು ಸೊಸೆಯೇ ಬರಬೇಕಿತ್ತು. ವೈದ್ಯರೊಬ್ಬರು ಹೆಸರಿಲ್ಲದ ಪೊಟ್ಟಣದಲ್ಲಿ ಕಟ್ಟಿಕೊಡುತ್ತಿದ್ದ ಚಿಕ್ಕ ಬಿಳಿ ಮಾತ್ರೆ ನುಂಗಿದರೆ ಮಾತ್ರ ಎರಡೇ ದಿನಕ್ಕೆ ಎದ್ದು ಓಡಾಡುತ್ತಿದ್ದರು. ಬರಬರುತ್ತ ಅವರ ಮುಖ ದುಂಡಗಾಯಿತು, ಕೆನ್ನೆ ತುಂಬಿಕೊಂಡಿತು. 'ಮಾಷಾ ಅಲ್ಲಾಹ್, ಮೈ ಹಿಡಿದಿದ್ದೀರಿ' ಎಂದರು ನೆರೆಹೊರೆಯವರು. ಆ ದುಂಡುಮುಖ ಆರೋಗ್ಯದ್ದಲ್ಲ, ಮಾತ್ರೆಯದು ಎಂದು ನಮಗೆ ತಿಳಿಯುವಷ್ಟರಲ್ಲಿ ಬೆನ್ನುಮೂಳೆ ಕುಸಿದಿತ್ತು.

ಸಂಧಿವಾತ ಎಂಬ ಒಂದೇ ಮಾತಿನೊಳಗೆ ನಾವು ಹಲವು ಕಾಯಿಲೆಗಳನ್ನು ತುಂಬಿಬಿಡುತ್ತೇವೆ. ವಯಸ್ಸಾದಂತೆ ಮೊಣಕಾಲು ಸವೆಯುವುದು ಬೇರೆ, ಖಾಲಾಗೆ ಬಂದಿದ್ದ ರುಮಟಾಯ್ಡ್ ಆರ್ಥ್ರೈಟಿಸ್ ಬೇರೆ. ಇದರಲ್ಲಿ ಹೊರಗಿನ ರೋಗಾಣುಗಳೊಡನೆ ಕಾದಬೇಕಾದ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಒಳಪದರದ ಮೇಲೆ ತಿರುಗಿಬೀಳುತ್ತದೆ. ಮೂವತ್ತು ನಲವತ್ತರ ವಯಸ್ಸಿನಲ್ಲೂ ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ತಕ್ಷಣಕ್ಕೆ ಪ್ರಾಣ ತೆಗೆಯುವುದಿಲ್ಲ, ಕೈಗಳನ್ನು ಕಸಿದುಕೊಳ್ಳುತ್ತದೆ.

ಖಾಲಾ ನುಂಗುತ್ತಿದ್ದ ಬಿಳಿ ಮಾತ್ರೆಯ ಮೂಲ ಹುಡುಕುತ್ತ ಹೋದರೆ ಅಮೆರಿಕದ ಮಿನೆಸೋಟಾ ರಾಜ್ಯದ ಮೇಯೊ ಕ್ಲಿನಿಕ್ ತಲುಪುತ್ತೇವೆ. ಅಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರಿದ್ದರು. 1929ರಲ್ಲಿ ಅವರ ರೋಗಿಯೊಬ್ಬರಿಗೆ ಕಾಮಾಲೆ ಬಂತು. ವಿಚಿತ್ರವೆಂದರೆ, ಕಾಮಾಲೆ ಬಂದೊಡನೆ ಕೀಲುನೋವು ಇಳಿಯಿತು. ಬಸುರಿಯಾದ ರೋಗಿಗಳಲ್ಲೂ ನೋವು ತಗ್ಗುವುದನ್ನು ಹೆಂಚ್ ಕಂಡರು. ಹಾಗಾದರೆ ಈ ನೋವನ್ನು ಹಿಮ್ಮೆಟ್ಟಿಸುವ ಏನೋ ಒಂದು ದೇಹದೊಳಗೇ ಇದೆ! ಅದೇ ಕ್ಲಿನಿಕ್ಕಿನ ರಸಾಯನ ವಿಜ್ಞಾನಿ ಎಡ್ವರ್ಡ್ ಕೆಂಡಾಲ್, ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಹಾರ್ಮೋನುಗಳನ್ನು ಬೇರ್ಪಡಿಸುತ್ತಿದ್ದರು. ಅವುಗಳಲ್ಲೊಂದನ್ನು ಮುಂದೆ ಮರ್ಕ್ ಕಂಪನಿ ದನದ ಪಿತ್ತರಸದಿಂದ ಹಲವಾರು ಹಂತಗಳಲ್ಲಿ ಕಷ್ಟಪಟ್ಟು ತಯಾರಿಸಿತು. ಅದೇ ಕಾರ್ಟಿಸೋನ್.

1948ರ ಸೆಪ್ಟೆಂಬರ್ 21ರಂದು, ಹಾಸಿಗೆಯಲ್ಲಿ ಮಗ್ಗುಲು ಬದಲಿಸಲೂ ಆಗದಿದ್ದ 29 ವರ್ಷದ ಹೆಣ್ಣುಮಗಳೊಬ್ಬಳಿಗೆ ಅದರ ಮೊದಲ ಚುಚ್ಚುಮದ್ದು ಕೊಟ್ಟರು. ವಾರ ತುಂಬುವಷ್ಟರಲ್ಲಿ ಆಕೆ ಆಸ್ಪತ್ರೆಯಿಂದ ಹೊರಬಿದ್ದು ಪೇಟೆಯಲ್ಲಿ ಅಡ್ಡಾಡಿ ಸಾಮಾನು ಕೊಂಡು ಬಂದಳು. ಮರುವರ್ಷ ವೈದ್ಯರ ಸಭೆಯಲ್ಲಿ ಚಲನಚಿತ್ರ ತೋರಿಸಿದರು: ಮೊದಲು ಕುಂಟುತ್ತಿದ್ದವರು ನಂತರ ಮೆಟ್ಟಿಲು ಹತ್ತುತ್ತಿದ್ದರು. 1950ರಲ್ಲಿ ಹೆಂಚ್, ಕೆಂಡಾಲ್ ಮತ್ತು ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್ ಅವರಿಗೆ ನೊಬೆಲ್ ಬಂತು. ಮೊದಲ ಚುಚ್ಚುಮದ್ದಿನಿಂದ ಬಹುಮಾನಕ್ಕೆ ಎರಡೇ ವರ್ಷ!

ಆದರೆ ಔಷಧಿ ನಿಲ್ಲಿಸಿದೊಡನೆ ನೋವು ಮರಳುತ್ತಿತ್ತು. ನಿಲ್ಲಿಸದೆ ಮುಂದುವರಿಸಿದರೆ ಮುಖ ಚಂದ್ರನಂತೆ ಊದುತ್ತಿತ್ತು, ಮೂಳೆ ಟೊಳ್ಳಾಗುತ್ತಿತ್ತು, ಹೊಟ್ಟೆಯಲ್ಲಿ ಹುಣ್ಣು, ಕೆಲವರಿಗೆ ಬುದ್ಧಿಭ್ರಮಣೆ. ಬ್ರಿಟನ್ನಿನ ವೈದ್ಯರು ಚಲನಚಿತ್ರ ನೋಡಿ ಸುಮ್ಮನಾಗದೆ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕಾರ್ಟಿಸೋನ್, ಇನ್ನೊಂದಕ್ಕೆ ಹಳೆಯ ಆಸ್ಪಿರಿನ್. ಯಾರಿಗೆ ಯಾವುದೆಂದು ವೈದ್ಯರ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದಂತೆ ಹಂಚಿದರು. 1954ರಲ್ಲಿ ಪ್ರಕಟವಾದ ಫಲಿತಾಂಶ ಹಲವರನ್ನು ಪೆಚ್ಚಾಗಿಸಿತು: ವರ್ಷದ ಕೊನೆಗೆ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಕಾರ್ಟಿಸೋನ್ ವಂಶದ ಔಷಧಿಗಳು ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ಉಬ್ಬಸದಂಥ ರೋಗಗಳಲ್ಲಿ ಅವು ಜೀವ ಉಳಿಸುತ್ತವೆ. ಸಂಧಿವಾತದಲ್ಲೂ ಬೇರೆ ಔಷಧಿ ಹಿಡಿಯುವವರೆಗೆ ಸ್ವಲ್ಪ ಕಾಲ, ಸ್ವಲ್ಪ ಪ್ರಮಾಣದಲ್ಲಿ ಕೊಡುವುದುಂಟು. ವರ್ಷಗಟ್ಟಲೆ, ಲೆಕ್ಕವಿಲ್ಲದೆ, ಹೆಸರನ್ನೂ ಹೇಳದೆ ಕೊಡುವುದು ಮಾತ್ರ ಬೇರೆಯೇ ವ್ಯವಹಾರ.

ಈ ಗದ್ದಲದ ನಡುವೆ ಇನ್ನೊಂದು ಕಥೆ ಸದ್ದಿಲ್ಲದೆ ನಡೆಯುತ್ತಿತ್ತು. ಅದು ಶುರುವಾದದ್ದು ಬೊಂಬಾಯಿಯಲ್ಲಿ. 1928ರಲ್ಲಿ ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ ಅಲ್ಲಿಗೆ ಬಂದರು. ಬಟ್ಟೆ ಗಿರಣಿಗಳ ಬಸುರಿ ಕೂಲಿಕಾರ್ತಿಯರು ತೀವ್ರ ರಕ್ತಹೀನತೆಯಿಂದ ಸಾಯುತ್ತಿದ್ದರು. ವಿಲ್ಸ್ ಅವರ ಅಡುಗೆಮನೆಯ ಲೆಕ್ಕ ತೆಗೆದರು. ಬಡ ಮುಸ್ಲಿಂ ಹೆಂಗಸರ ಊಟ ಎಲ್ಲರಿಗಿಂತ ಕಳಪೆಯಾಗಿತ್ತು, ರಕ್ತಹೀನತೆಯೂ ಅವರಲ್ಲೇ ಹೆಚ್ಚಾಗಿತ್ತು. ಯೀಸ್ಟ್ ಸಾರ ಕೊಟ್ಟಾಗ ಅವರು ಚೇತರಿಸಿಕೊಂಡರು. 1931ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆ ಸಾರದಲ್ಲಿ ಅಡಗಿದ್ದ ವಸ್ತುವನ್ನೇ ನಾವು ಇಂದು ಫೋಲಿಕ್ ಆಮ್ಲ ಎನ್ನುವುದು. ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಗುಳಿಗೆಯಲ್ಲಿ ಇರುವುದೂ ಅದೇ.

ಈ ಫೋಲಿಕ್ ಆಮ್ಲವನ್ನು ಕಾರ್ಖಾನೆಯಲ್ಲಿ ತಯಾರಿಸುವ ದಾರಿ ಕಂಡುಕೊಂಡ ತಂಡದ ಮುಖ್ಯಸ್ಥರು ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಮದರಾಸಿನಲ್ಲಿ ವೈದ್ಯಕೀಯ ಓದುವಾಗ ಖಾದಿ ನಿಲುವಂಗಿ ತೊಟ್ಟು ಶಸ್ತ್ರಚಿಕಿತ್ಸೆಯ ತರಗತಿಗೆ ಬಂದು ಇಂಗ್ಲಿಷ್ ಪ್ರೊಫೆಸರರ ಮುನಿಸಿಗೆ ಗುರಿಯಾದವರು ಅವರು. ಕೊನೆಗೆ ಸಿಕ್ಕಿದ್ದು ಪೂರ್ಣ ಪದವಿಗಿಂತ ಕೆಳಗಿನ ಪ್ರಮಾಣಪತ್ರ. ಮುಂದೆ ಹಾರ್ವರ್ಡಿನಲ್ಲಿ ದೊಡ್ಡ ಸಂಶೋಧನೆ ಮಾಡಿಯೂ ಕಾಯಂ ಹುದ್ದೆ ದೊರೆಯದೆ 1940ರಲ್ಲಿ ಲೆಡರ್ಲೆ ಕಂಪನಿ ಸೇರಿದರು. ಅವರ ತಂಡ ಫೋಲಿಕ್ ಆಮ್ಲದಂತೆಯೇ ಕಾಣುವ, ಆದರೆ ಅದರ ಕೆಲಸ ಕೆಡಿಸುವ ನಕಲುಗಳನ್ನೂ ತಯಾರಿಸಿತು. ಕಳ್ಳ ಬೀಗದ ಕೈ ಇದ್ದ ಹಾಗೆ: ಬೀಗದೊಳಗೆ ಹೋಗುತ್ತದೆ, ತೆರೆಯುವುದಿಲ್ಲ, ಬೇರೆಯದಕ್ಕೂ ಜಾಗ ಬಿಡುವುದಿಲ್ಲ. ಅಂಥ ಒಂದು ನಕಲಾದ ಅಮಿನಾಪ್ಟೆರಿನ್‌ನಿಂದ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಮಕ್ಕಳ ರಕ್ತದ ಕ್ಯಾನ್ಸರನ್ನು ತಾತ್ಕಾಲಿಕವಾಗಿಯಾದರೂ ತಡೆದದ್ದು 1948ರ ಸುದ್ದಿ. ಅದರ ತಮ್ಮನೇ ಮೆಥೋಟ್ರೆಕ್ಸೇಟ್.

1948ರ ಆಗಸ್ಟ್‌ನಲ್ಲಿ ಸುಬ್ಬರಾವ್ ನಿದ್ದೆಯಲ್ಲೇ ತೀರಿಕೊಂಡರು. ವಯಸ್ಸು 53. ಕಾರ್ಟಿಸೋನಿನ ಮೊದಲ ಚುಚ್ಚುಮದ್ದಿಗೆ ಇನ್ನೂ ಕೆಲವೇ ವಾರಗಳಿದ್ದವು.

1951ರಲ್ಲಿ ನ್ಯೂಯಾರ್ಕಿನ ರಿಚರ್ಡ್ ಗಬ್ನರ್ ಬೆರಳೆಣಿಕೆಯ ಸಂಧಿವಾತ ರೋಗಿಗಳಿಗೆ ಅಮಿನಾಪ್ಟೆರಿನ್ ಕೊಟ್ಟು, ಹೆಚ್ಚಿನವರಿಗೆ ಗುಣ ಕಂಡಿತೆಂದು ಬರೆದರು. ಯಾರೂ ಕಿವಿಗೊಡಲಿಲ್ಲ. ಕಾರ್ಟಿಸೋನ್ ನೊಬೆಲ್ ಪಡೆದು ವರ್ಷವೂ ಆಗಿರಲಿಲ್ಲ, ಕ್ಯಾನ್ಸರಿನ ವಿಷವನ್ನು ಕೀಲುನೋವಿಗೆ ಕೊಡುವುದೆಂದರೆ ಯಾರಿಗೆ ಧೈರ್ಯ? ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಮಾತ್ರ ಚರ್ಮವೈದ್ಯರು ಮೆಥೋಟ್ರೆಕ್ಸೇಟ್ ಬಳಸುತ್ತ ಬಂದರು. ವಾಷಿಂಗ್ಟನ್ ರಾಜ್ಯದ ಸ್ಪೊಕೇನ್ ಊರಿನ ವೈದ್ಯ ರೆಕ್ಸ್ ಹಾಫ್‌ಮೈಸ್ಟರ್ ಹದಿನೈದು ವರ್ಷ ತಮ್ಮ ಸಂಧಿವಾತ ರೋಗಿಗಳಿಗೆ ವಾರಕ್ಕೊಮ್ಮೆ ಅದನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟು, 1983ರಲ್ಲಿ 78 ರೋಗಿಗಳ ಲೆಕ್ಕ ಪ್ರಕಟಿಸಿದರು. 1985ರಲ್ಲಿ ಬಾಸ್ಟನ್ನಿನ ಮೈಕೇಲ್ ವೈನ್‌ಬ್ಲಾಟ್ ಮತ್ತು ಸಂಗಡಿಗರು 28 ರೋಗಿಗಳಿಗೆ 24 ವಾರಗಳಲ್ಲಿ ಸರದಿಯಂತೆ ಔಷಧಿಯನ್ನೂ ಸುಳ್ಳು ಮಾತ್ರೆಯನ್ನೂ ಕೊಟ್ಟರು. ಯಾವುದು ಯಾವಾಗ ಎಂದು ಕೊಟ್ಟವರಿಗೂ ಗೊತ್ತಿಲ್ಲ, ನುಂಗಿದವರಿಗೂ ಗೊತ್ತಿಲ್ಲ. ಔಷಧಿ ಗೆದ್ದಿತು. 1988ರಲ್ಲಿ ಅಮೆರಿಕ ಸರ್ಕಾರ ಸಂಧಿವಾತಕ್ಕೆ ಒಪ್ಪಿಗೆ ನೀಡಿತು.

ಗಬ್ನರ್ ಬರೆದಾಗಿನಿಂದ 37 ವರ್ಷ. ಇಪ್ಪತ್ತೈದರ ಹರೆಯದಲ್ಲಿ ಕಾಯಿಲೆ ಹತ್ತಿದ ಹುಡುಗಿ ಅಷ್ಟರಲ್ಲಿ ಅರವತ್ತು ದಾಟಿರುತ್ತಾಳೆ. ತಡಕ್ಕೆ ವಿಷದ ಭಯ ಒಂದು ಕಾರಣ. ಅಗ್ಗದ ಹಳೆಯ ಔಷಧಿಗೆ ಹೊಸ ಪ್ರಯೋಗ ಮಾಡಿಸಲು ಹಣ ಹಾಕುವವರಿಲ್ಲದ್ದು ಇನ್ನೊಂದು. ಮೂರನೆಯದು ಅದರ ನಿಧಾನವೆಂದೇ ನನಗನಿಸುತ್ತದೆ. ಮೆಥೋಟ್ರೆಕ್ಸೇಟ್ ಫಲ ಕಾಣಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಎರಡು ದಿನದಲ್ಲಿ ಎದ್ದು ನಡೆಯುವ ರೋಗಿಯ ಚಲನಚಿತ್ರ ಅದಕ್ಕೆ ಸಿಗುವುದಿಲ್ಲ.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ಲೂಧಿಯಾನಾದಲ್ಲಿ ಹುಟ್ಟಿದ ರವೀಂದರ್ ಮೈನಿ, ಉರಿಯೂತ ಹಬ್ಬಿಸುವ ಟಿಎನ್‌ಎಫ್ ಎಂಬ ಒಂದೇ ಅಣುವನ್ನು ತಡೆಯುವ ಚಿಕಿತ್ಸೆಯನ್ನು 1992ರಲ್ಲಿ ಮೊದಲ ರೋಗಿಗಳಿಗೆ ಕೊಟ್ಟರು. ಅದೊಂದು ದೊಡ್ಡ ಗೆಲುವು, ಬೆಲೆಯೂ ದೊಡ್ಡದು. 2013ರಲ್ಲಿ ಅಮೆರಿಕದ ಜೇಮ್ಸ್ ಓಡೆಲ್ ಮತ್ತು ಸಂಗಡಿಗರು, ಮೆಥೋಟ್ರೆಕ್ಸೇಟ್ ಒಂದರಿಂದಲೇ ಸಾಕಷ್ಟು ಗುಣ ಕಾಣದ 353 ರೋಗಿಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಕೊಟ್ಟರು. ಅದರ ಜೊತೆಗೆ ಇನ್ನೆರಡು ಅಗ್ಗದ ಮಾತ್ರೆ ಸೇರಿಸಿದ ಚಿಕಿತ್ಸೆ, ಟಿಎನ್‌ಎಫ್ ತಡೆಯುವ ದುಬಾರಿ ಚುಚ್ಚುಮದ್ದು ಸೇರಿಸಿದ ಚಿಕಿತ್ಸೆಗೆ ಕಡಿಮೆಯಾಗಿರಲಿಲ್ಲ. ನಮ್ಮಂಥ ದೇಶಕ್ಕೆ ಇದು ಸಣ್ಣ ಮಾತಲ್ಲ.

ಖಾಲಾರ ಮಗಳಿಗೂ ಇದೇ ಕಾಯಿಲೆ. ಆದರೆ ಅವಳ ಔಷಧಿ ಚೀಟಿಯಲ್ಲಿ ಪ್ರತಿಯೊಂದರ ಹೆಸರೂ ಇದೆ. ಮೆಥೋಟ್ರೆಕ್ಸೇಟ್ ಸೋಮವಾರ ಮಾತ್ರ ಎಂದು ಕೆಂಪು ಶಾಯಿಯಲ್ಲಿ ಬರೆದಿದೆ. ಮರೆತು ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಬಸುರಾಗುವ ಯೋಚನೆಯಿದ್ದರೆ ಮುಂಚೆಯೇ ತಿಳಿಸಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಅದರ ಕೆಳಗಿನ ಸಾಲಿನಲ್ಲಿ, ಅಡ್ಡಪರಿಣಾಮ ತಗ್ಗಿಸಲು, ಗುರುವಾರಕ್ಕೆ ಒಂದು ಪುಟ್ಟ ಹಳದಿ ಗುಳಿಗೆ. ಅದು ಫೋಲಿಕ್ ಆಮ್ಲ. ಎರಡನ್ನೂ ಅವಳು ಒಂದೇ ಡಬ್ಬಿಯಲ್ಲಿಟ್ಟು, ನುಂಗಿದ ದಿನ ಗೋಡೆಯ ಕ್ಯಾಲೆಂಡರಿಗೆ ಗೀಟು ಹಾಕುತ್ತಾಳೆ. ರೊಟ್ಟಿಯ ಹಿಟ್ಟನ್ನು ಅವಳೇ ನಾದುತ್ತಾಳೆ.